ಹಳೆ ಡೀಸೆಲ್ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ಹುಡುಕಬೇಕು?

ಮೊದಲು ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗದೆ ಬರೀ ‘ಟಕ್’ ಅಂದರೆ ಡೀಸೆಲ್ ಕಡೆ ಕೈ ಹಾಕುವುದೇ ಬೇಡ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮೇಲೆಯೇ ಮೊದಲ ಅನುಮಾನ. ವೋಲ್ಟೇಜ್ ಸರಿಯಿದ್ದರೆ ಟರ್ಮಿನಲ್ ಬಿಚ್ಚಿ ಉಜ್ಜಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಗೆ (ಟ್ರ್ಯಾಕ್ಟರಿನ ಲೋಹದ ಮೈಗೆ) ಕೂತ ಅರ್ತ್ ವೈರನ್ನು ಬಹಳ ಜನ ನೋಡುವುದೇ ಇಲ್ಲ. ಅದರ ಬೋಲ್ಟಿನಡಿ ತುಕ್ಕಿದ್ದರೆ ಹೊಸ ಬ್ಯಾಟರಿ ತಂದರೂ ದಂಡ.

ಎಂಜಿನ್ ಜೋರಾಗಿ ತಿರುಗಿಯೂ ಸೈಲೆನ್ಸರ್‌ನಲ್ಲಿ ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಿಲ್ಲ. ಎಂಜಿನ್ ಆರಿಸಲು ಎಳೆಯುವ ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯೇ, ಟ್ಯಾಂಕಿನ ಕಾಕ್ (ಡೀಸೆಲ್ ನಲ್ಲಿ) ತೆರೆದಿದೆಯೇ ನೋಡಿ. ಎಷ್ಟೋ ಸಲ ಕಥೆ ಇಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಏರ್, ಅಂದರೆ ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಯಬೇಕು. ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸಡಿಲಿಸಿ, ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದೆ ಡೀಸೆಲ್ ಹರಿದಾಗ, ಒತ್ತುವುದನ್ನು ನಿಲ್ಲಿಸದೆಯೇ ಸ್ಕ್ರೂ ಬಿಗಿಯಿರಿ. ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹೀಗೆಯೇ. ಆಮೇಲೆ ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಪೈಪಿನ ನಟ್ ಒಂದು ಸುತ್ತು ಸಡಿಲಿಸಿ, ಡೀಸೆಲ್ ಜಿನುಗುವ ತನಕ ಸೆಲ್ಫ್ ಹೊಡೆದು ಬಿಗಿಯಿರಿ. ಅಲ್ಲಿ ಕೈ ಅಡ್ಡ ಹಿಡಿಯಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಮರುದಿನ ಮತ್ತೆ ಏರ್ ಹಿಡಿದರೆ ಪೈಪ್ ಜೋಡಣೆಯ ತಾಮ್ರದ ವಾಷರ್ ಬದಲಿಸಿ.

ಬಿಳಿ ಹೊಗೆ ಬಂದೂ ಹತ್ತದಿದ್ದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ: ತಣ್ಣಗಿನ ಎಂಜಿನ್ ಹತ್ತಲು ಬಿಸಿ ಕೊಡುವ ಹೀಟರ್ ಪ್ಲಗ್ ಇದ್ದರೆ ಅದನ್ನು, ಬಳಿಕ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಅದುಮುವ ಒತ್ತಡ) ಪರೀಕ್ಷಿಸಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದು ನಿಮಿಷ ಬಿಡಿ. ಸ್ಟಾರ್ಟರ್ ಮೋಟರ್ ಸುಟ್ಟರೆ ಕೆಲಸ ಎರಡಾಗುತ್ತದೆ.