ಬದುವಿನ ಹೊಂಗೆ ಬೀಜದಿಂದ ಎಣ್ಣೆ ಮಾಡಿಸುವುದು ಹೇಗೆ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಕಬ್ಬು, ಧಾನ್ಯದಿಂದ ತೆಗೆಯುವ ಎಥೆನಾಲ್ ಇರುತ್ತದೆ. 2018ರ ಜೈವಿಕ ಇಂಧನ ನೀತಿಯಲ್ಲಿ ಇದಕ್ಕೆ 2030ರ ಗಡುವು ಇತ್ತು, 2022ರಲ್ಲಿ ಅದನ್ನು 2025-26ಕ್ಕೆ ಹಿಂದಕ್ಕೆ ತಂದರು, 2025ರಲ್ಲೇ ದೇಶ ಆ ಗುರಿ ಮುಟ್ಟಿತು. ಕಬ್ಬು, ಮೆಕ್ಕೆಜೋಳ, ಅಕ್ಕಿ ಇದ್ದವರಿಗೆ ಇದರಿಂದ ಬೇಡಿಕೆ ಬಂತು. ಡೀಸೆಲ್ ವಿಷಯ ಹಾಗಲ್ಲ. ಹೊಂಗೆಯಂಥ ಎಣ್ಣೆಯಿಂದ ಮಾಡುವ ಬಯೋಡೀಸೆಲ್ಲನ್ನು 2030ರೊಳಗೆ ಶೇಕಡಾ 5 ಬೆರೆಸಬೇಕು ಅಂತ ಅದೇ ನೀತಿ ಹೇಳಿದ್ದರೂ ಆ ಕೆಲಸ ಬಹಳ ಹಿಂದೆ ಬಿದ್ದಿದೆ. ಅರಸೀಕೆರೆ, ಕಡೂರು ಕಡೆಯ ಒಣಭೂಮಿಯವರು ನಾವು ಕೈ ಹಾಕಬಹುದಾದ ಜಾಗ ಇದೇ. ನಮ್ಮ ಬದುಗಳಲ್ಲಿ ಹೊಂಗೆ ಇದೆಯಲ್ವಾ? ಬೀಜ ಮಾತ್ರ ಸುಮ್ನೆ ಉದುರಿ ಮಣ್ಣಾಗುತ್ತಿದೆ.

ಶಿವರಾತ್ರಿ ಹೊತ್ತಿಗೆ ಮರ ನೋಡಿ. ಕಾಯಿ ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗಿದ್ದರೆ ಬಲಿತಿದೆ ಅಂತ. ಕೆಳಗೆ ಹಳೇ ಟಾರ್ಪಾಲು ಹಾಸಿ, ಉದ್ದನೆ ಗಳ ಹಿಡಿದು ಮೆಲ್ಲಗೆ ಬಡಿಯಿರಿ. ಕೊಂಬೆ ಮುರಿಯಬೇಡಿ, ಯುಗಾದಿ ಸುಮಾರಿಗೆ ಚಿಗುರು, ಹೂವು ಬರುವುದು ಅದೇ ಕೊಂಬೆಗಳಲ್ಲಿ, ಮುಂದಿನ ವರ್ಷದ ಕಾಯಿ ಅಂದರೆ ಆ ಹೂವೇ.

ಇನ್ನು ಒಣಗಿಸುವುದು. ಇಡೀ ಕೆಲಸದ ಜೀವ ಇದರಲ್ಲಿದೆ. ಮೂರು ವರ್ಷದ ಹಿಂದೆ ನಾನು ಆತುರಪಟ್ಟು ಎರಡೇ ಬಿಸಿಲು ಕೊಟ್ಟು ಚೀಲ ಕಟ್ಟಿಟ್ಟೆ. ತಿಂಗಳು ಬಿಟ್ಟು ಬಾಯಿ ಬಿಚ್ಚಿದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು, ಬೀಜದ ಮೇಲೆ ಬೂದಿಯಂಥ ಬೂಷ್ಟು. ಕೊಳ್ಳುವವರು ಕೈಯಲ್ಲಿ ಹಿಡಿದು ನೋಡಿ ಅರ್ಧ ಬೆಲೆಗಿಂತ ಮೇಲೆ ಬರಲಿಲ್ಲ. ತೇವದ ಬೀಜ ಕೆಟ್ಟರೆ ಎಣ್ಣೆಯಲ್ಲಿ ಹುಳಿ ಅಂಶ ಜಾಸ್ತಿಯಾಗುತ್ತದೆ, ಆಮೇಲೆ ಅದನ್ನು ಬಯೋಡೀಸೆಲ್ ಮಾಡುವಾಗ ಸೋಪಿನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಹಾಗಾಗಿ ಕಣದಲ್ಲಿ ತೆಳುವಾಗಿ ಹರಡಿ, ದಿನಕ್ಕೆರಡು ಸಲ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಒಟ್ಟು ಮಾಡಿ ಮುಚ್ಚಿ. ಒಣಗಿತೋ ಇಲ್ಲವೋ ತಿಳಿಯುವುದು ಸುಲಭ. ಒಂದು ಹಿಡಿ ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಬೀಜ ಗಿಲಗಿಲ ಅನ್ನಬೇಕು. ಬೀಜ ಕಲ್ಲಿನ ಮೇಲಿಟ್ಟು ಕುಟ್ಟಿದರೆ ಟಕ್ ಅಂತ ಒಡೆಯಬೇಕು, ಜಜ್ಜಿ ಹೋದರೆ ಇನ್ನೂ ಬಿಸಿಲು ಬೇಕು.

ಆಮೇಲೆ ದೊಣ್ಣೆಯಲ್ಲಿ ಬಡಿದು ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿ, ಕಲ್ಲು ಆರಿಸಿ. ಗೋಣಿಚೀಲದಲ್ಲೇ ತುಂಬಿ, ಪ್ಲಾಸ್ಟಿಕ್ ಬೇಡ.

ಎಣ್ಣೆ ಗಿರಣಿಗೆ ಹೋಗುವ ಮೊದಲು ಹೊಂಗೆ ಹಾಕಿಕೊಳ್ಳುತ್ತಾರಾ ಕೇಳಿಕೊಳ್ಳಿ. ತಿನ್ನುವ ಎಣ್ಣೆ ತೆಗೆಯುವ ಯಂತ್ರಕ್ಕೆ ಇದನ್ನು ಹಾಕಿಸಲೇಬೇಡಿ, ಹೊಂಗೆ ಎಣ್ಣೆ ಕಹಿ, ಹೊಟ್ಟೆಗೆ ಆಗದು. ನೂರು ಕೆಜಿ ಒಳ್ಳೆ ಬೀಜಕ್ಕೆ ಸುಮಾರು 25 ಲೀಟರ್ ಎಣ್ಣೆ ಬರುತ್ತದೆ, ಉಳಿದದ್ದು ಹೆಚ್ಚುಕಡಿಮೆ ಹಿಂಡಿ. ದಾರಿ ಗೊತ್ತಿಲ್ಲದವರು ಹಾಸನದ ಪಕ್ಕದ ಮಡೆನೂರಿಗೆ ಒಮ್ಮೆ ಹೋಗಿ ಬನ್ನಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರು ಮಾಡಿದ ಜೈವಿಕ ಇಂಧನ ಉದ್ಯಾನ ಇರುವುದು ಅಲ್ಲೇ. ಹೊಂಗೆ, ಹಿಪ್ಪೆ, ಬೇವು, ಸಿಮರೂಬ ಎಲ್ಲ ಬೆಳೆಸಿದ್ದಾರೆ. ಹೊಸದಾಗಿ ನೆಡುವವರು ಕಸಿ ಗಿಡ ಹುಡುಕಿ, ಬೀಜದ ಗಿಡ ಕಾಯಿ ಬಿಡಲು ಐದಾರು ವರ್ಷ ಕಾಯಿಸುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಗಾಣದ ಎಣ್ಣೆಯನ್ನು ಹಾಗೇ ಟ್ರ್ಯಾಕ್ಟರಿಗೆ ಸುರಿಯಬೇಡಿ. ಅದು ಮಂದ, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಬಯೋಡೀಸೆಲ್ ಆಗಬೇಕಾದರೆ ಎಣ್ಣೆಗೆ ಮೆಥೆನಾಲ್, ಕಾಸ್ಟಿಕ್ ಸೋಡಾ ಸೇರಿಸಿ 60 ಡಿಗ್ರಿ ಸುಮಾರಿಗೆ ಬಿಸಿ ಮಾಡಿ, ತಳಕ್ಕೆ ಇಳಿಯುವ ಗ್ಲಿಸರಿನ್ ಬೇರೆ ತೆಗೆಯಬೇಕು. ಮೆಥೆನಾಲ್ ಥಟ್ಟನೆ ಬೆಂಕಿ ಹಿಡಿಯುತ್ತದೆ, ಮೈಗೆ ಸೇರಿದರೆ ಕಣ್ಣೇ ಹೋಗಬಹುದು. ಮನೆ ಹಿತ್ತಲಲ್ಲಿ, ಮಕ್ಕಳು ಓಡಾಡುವ ಕಡೆ ಮಾಡುವ ಕೆಲಸ ಇದಲ್ಲ. ಬೀಜ ಅಥವಾ ಎಣ್ಣೆ ಮಾರಿ, ಉಳಿದದ್ದು ಘಟಕದವರು ಮಾಡಲಿ.

ಬೆಲೆ ಕಮ್ಮಿ ಅಂತ ಬಿಡಬೇಡಿ. ಹಿಂಡಿ ಇದೆಯಲ್ಲ, ನನ್ನ ಲೆಕ್ಕದಲ್ಲಿ ಅರ್ಧ ಲಾಭ ಅದೇ. ಗಿರಣಿಯವರ ಹತ್ತಿರ ಮೊದಲೇ ಮಾತಾಡಿ ಹಿಂಡಿ ವಾಪಸ್ ತನ್ನಿ. ದನಕ್ಕೆ ಇಡಬೇಡಿ, ತೆಂಗಿಗೆ ಹಾಕಿ. ನಾನು ಮುಂಗಾರಿನ ಮೊದಲ ಹದ ಮಳೆ ಆದಮೇಲೆ ಪುಡಿ ಮಾಡಿ, ಬುಡ ಬಿಟ್ಟು ಸುತ್ತ ಪಾತಿಯಲ್ಲಿ ಮರಕ್ಕೆ ಎರಡು ಮೂರು ಕೆಜಿ ಹಾಕಿ ಮಣ್ಣು ಎಳೆಯುತ್ತೇನೆ.