150 ಲೀಟರ್ ರೀಫ್ ಟ್ಯಾಂಕಿನಲ್ಲಿ ನಾಲ್ಕು ಜಗಳಗಂಟ ಮೀನುಗಳು: ನನ್ನ ಅನುಭವ

ರಾಯಲ್ ಡಾಟಿಬ್ಯಾಕ್, ಸಿಕ್ಸ್ ಲೈನ್ ರಾಸ್, ಫ್ಲೇಮ್ ಹಾಕ್‌ಫಿಶ್, ಟೊಮ್ಯಾಟೊ ಕ್ಲೌನ್. ಈ ನಾಲ್ಕನ್ನೂ 150 ಲೀಟರಿನ ಟ್ಯಾಂಕಿನಲ್ಲಿ ಹವಳಗಳ ಜೊತೆ ಸಾಕುತ್ತೇನೆ ಅಂದಾಗ, ಎಷ್ಟೋ ವರ್ಷದಿಂದ ಉಪ್ಪುನೀರಿನ ಟ್ಯಾಂಕ್ ಇಟ್ಟವರೆಲ್ಲ ಒಂದೇ ಮಾತು ಹೇಳಿದರು: ತಿಂಗಳು ತುಂಬುವುದರೊಳಗೆ ಒಂದೇ ಮೀನು ಉಳಿಯುತ್ತದೆ, ಅದು ಡಾಟಿಬ್ಯಾಕ್. ಈಗ ಎರಡು ವರ್ಷದ ಮೇಲಾಯಿತು. ಎರಡನೆಯ ಸುತ್ತಿನಲ್ಲಿ ಬಿಟ್ಟ ನಾಲ್ಕೂ ಇವೆ. ಒಂದರ ರೆಕ್ಕೆಯ ಅಂಚೂ ಹರಿದಿಲ್ಲ. ಹ್ಯಾಮರ್ ಕೋರಲ್ ಅನ್ನುವ ಹವಳ ಎರಡು ತಲೆಯಿಂದ ಏಳೆಂಟು ತಲೆಗೆ ಬಂದಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅವರ ಮಾತಿಗೆ ಆಧಾರ ಇಲ್ಲದೆ ಇರಲಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲರೂ ಹೇಳುವ ಕ್ರಮವನ್ನೇ ಪಾಲಿಸಿದ್ದೆ: ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ. ಕ್ಲೌನ್ ಮೊದಲು, ಕೆಲವು ವಾರದ ನಂತರ ಹಾಕ್‌ಫಿಶ್, ಆಮೇಲೆ ಸಿಕ್ಸ್ ಲೈನ್, ಕಟ್ಟಕಡೆಗೆ ಡಾಟಿಬ್ಯಾಕ್. ದೊಡ್ಡ ಟ್ಯಾಂಕಿನಲ್ಲಿ ಇದು ಸಾಕಾಗುತ್ತದೆ, ಸಣ್ಣದರಲ್ಲಿ ಸಾಲದು. ಮಧ್ಯದಲ್ಲಿ ಬಂದ ಸಿಕ್ಸ್ ಲೈನ್ ಆ ಹೊತ್ತಿಗೆ ಇಡೀ ಬಂಡೆಯನ್ನೇ ತನ್ನದು ಮಾಡಿಕೊಂಡಿತ್ತು. ಡಾಟಿಬ್ಯಾಕನ್ನು ಎರಡೇ ದಿನದಲ್ಲಿ ಮೇಲಿನ ಮೂಲೆಗೆ ಅಟ್ಟಿ, ಊಟಕ್ಕೂ ಕೆಳಗಿಳಿಯದ ಹಾಗೆ ಮಾಡಿತು. ಮೂರನೇ ದಿನ ಡಾಟಿಬ್ಯಾಕಿನ ಬಾಲ ಅರ್ಧ ಇಲ್ಲ, ಕಿವಿರು ಏದುಸಿರು ಬಿಡುತ್ತಿತ್ತು. ಅದು ಹೋಯಿತು. ಅದರ ಬದಲಿಗೆ ತಂದದ್ದೂ ಹೋಯಿತು. ಮೂರನೆಯ ಸಲ ಗಾತ್ರದಲ್ಲಿ ದೊಡ್ಡ ಡಾಟಿಬ್ಯಾಕ್ ತಂದದ್ದಕ್ಕೆ ಲೆಕ್ಕ ತಿರುಗಿ ಸಿಕ್ಸ್ ಲೈನ್ ಹೋಯಿತು. ಆ ಅಟ್ಟಾಟದ ಒತ್ತಡದಲ್ಲೇ ಉಳಿದ ಮೀನುಗಳಿಗೆ ಬಿಳಿಚುಕ್ಕೆ ರೋಗ ಬಂತು. ಎಲ್ಲವನ್ನೂ ಹೊರಗೆ ತೆಗೆದು ಚಿಕಿತ್ಸೆ ಕೊಟ್ಟು, ರೋಗದ ಪರಾವಲಂಬಿ ಸಾಯಲಿ ಅಂತ ಟ್ಯಾಂಕನ್ನು 76 ದಿನ ಮೀನಿಲ್ಲದೆ ಖಾಲಿ ಬಿಡಬೇಕಾಯಿತು. ಹೀಗೆ ಮೀನಿಗೆ, ಔಷಧಿಗೆ, ಕ್ವಾರಂಟೈನ್ ಟ್ಯಾಂಕಿಗೆ ಅಂತ ಹೋದ ದುಡ್ಡು ಸೇರಿಸಿದರೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ನನ್ನ ಸ್ಕಿಮ್ಮರಿನ ಬೆಲೆಯನ್ನೂ ದಾಟಿತ್ತು.

ಆ ಖಾಲಿ ದಿನಗಳಲ್ಲೇ ಬಂಡೆಯನ್ನು ಪೂರ್ತಿ ಬಿಚ್ಚಿದೆ. ಜಗಳದ ಬೇರು ಲೀಟರಿನಲ್ಲಿಲ್ಲ, ಕಣ್ಣಳತೆಯಲ್ಲಿದೆ. ಹಿಂದಿನ ಗಾಜಿಗೆ ಒರಗಿಸಿ ಒಂದೇ ಗೋಡೆಯಂತೆ ರಾಕ್ ಪೇರಿಸಿದರೆ, ಮಧ್ಯದಲ್ಲಿ ನಿಂತ ಮೀನಿಗೆ ಇಡೀ ಟ್ಯಾಂಕ್ ಒಂದೇ ನೋಟಕ್ಕೆ ಸಿಗುತ್ತದೆ. ಕಂಡಷ್ಟೂ ಜಾಗ ತನ್ನದೇ ಅಂದುಕೊಳ್ಳುವ ಜಾತಿ ಇವು. ಈಗ ನನ್ನಲ್ಲಿ ಮೂರು ಪ್ರತ್ಯೇಕ ದಿಬ್ಬಗಳಿವೆ. ಎರಡರ ನಡುವೆ ಮೂರು ಬೆರಳು ಅಗಲದ ಓಣಿ, ಓಣಿಯೂ ನೇರವಾಗಿಲ್ಲ, ಓರೆ. ಯಾವ ತೂತಿನ ಬಾಯಲ್ಲಿ ಕೂತರೂ ಇನ್ನೊಂದು ದಿಬ್ಬದ ತೂತು ಕಾಣಬಾರದು. ಇದನ್ನು ಒಣ ಟ್ಯಾಂಕಿನಲ್ಲೇ ಪರೀಕ್ಷೆ ಮಾಡಿದ್ದು: ಒಂದೊಂದು ತೂತಿನ ಹತ್ತಿರವೂ ಫೋನ್ ಇಟ್ಟು ಫೋಟೊ ತೆಗೆದು ನೋಡಿದೆ. ಇನ್ನೊಂದು ತೂತು ಫೋಟೊದಲ್ಲಿ ಸಿಕ್ಕಿದರೆ ಒಂದು ಕಲ್ಲು ತಿರುಗಿಸು, ಮತ್ತೆ ಫೋಟೊ. ಕಲ್ಲು ಅಂಟಿಸುವ ಎಪಾಕ್ಸಿ ಪುಟ್ಟಿಗೇ ಸಾಕಷ್ಟು ದುಡ್ಡು ಹೋಯಿತು, ಅದರ ಬಗ್ಗೆ ಬೇಸರವಿಲ್ಲ.

ತೂತಿನ ಅಳತೆಯೂ ಮುಖ್ಯ. ಡಾಟಿಬ್ಯಾಕಿಗೆ ಹೆಬ್ಬೆರಳು ಹೋಗುವಷ್ಟು, ಎರಡು ಬಾಗಿಲು ಇರುವ ತೂತು ಬೇಕು. ಒಂದೇ ಬಾಯಿ ಇದ್ದರೆ ಅದು ಅಲ್ಲೇ ಕೋಟೆ ಕಟ್ಟಿ ಕೂರುತ್ತದೆ, ಎರಡಿದ್ದರೆ ಓಡಾಡುತ್ತಾ ಸಮಾಧಾನವಾಗಿರುತ್ತದೆ. ಹಾಕ್‌ಫಿಶ್‌ಗೆ ತೂತಿಗಿಂತ ಎತ್ತರದ ಕೂರುವ ಜಾಗವೇ ಮುಖ್ಯ. ಪ್ರತಿ ದಿಬ್ಬದ ತುದಿಯಲ್ಲೂ ಒಂದು ಚಪ್ಪಟೆ ಕಲ್ಲು ಇಟ್ಟಿದ್ದೇನೆ. ಸಿಕ್ಸ್ ಲೈನ್ ರಾತ್ರಿ ಮಲಗಲು ತೀರ ಇಕ್ಕಟ್ಟಾದ ಬಿರುಕು ಹುಡುಕುತ್ತದೆ. ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿದರೆ ಲೋಳೆಯ ತೆಳು ಪೊರೆಯೊಂದನ್ನು ಮೈಸುತ್ತ ಕಟ್ಟಿಕೊಂಡು ಅದರೊಳಗೆ ಅಲುಗಾಡದೆ ಮಲಗಿರುತ್ತದೆ, ಪೊರೆಯ ಮೇಲೆ ಮರಳಿನ ಸಣ್ಣ ಕಣಗಳು ಅಂಟಿರುತ್ತವೆ. ಆ ಬಿರುಕನ್ನು ಬೇರೆ ಮೀನು ಹಿಡಿದ ರಾತ್ರಿಯ ಮರುದಿನವೇ ಜಗಳ ಶುರು. ಹಾಗಾಗಿ ಮಲಗುವ ಜಾಗ ಮೀನಿಗೊಂದು ಅಂತಲ್ಲ, ಮೀನಿಗೆ ಎರಡರ ಲೆಕ್ಕದಲ್ಲಿ ಮಾಡಿದೆ.

ಇನ್ನು ಬಿಡುವ ವಿಧಾನ. ಒಂದಾದ ಮೇಲೊಂದು ತಂದು ಬಿಡುವುದನ್ನೇ ನಿಲ್ಲಿಸಿದೆ. ನಾಲ್ಕೂ ಮರಿ ವಯಸ್ಸಿನವು, ಮೂರರಿಂದ ಐದು ಸೆಂಟಿಮೀಟರ್, ಅದರಲ್ಲಿ ಕ್ಲೌನ್ ಎಲ್ಲಕ್ಕಿಂತ ಸಣ್ಣದು. ಕ್ವಾರಂಟೈನ್ ಮುಗಿದ ಮೇಲೆ ಒಂದೇ ದಿನ ನಾಲ್ಕನ್ನೂ ಮುಖ್ಯ ಟ್ಯಾಂಕಿಗೆ ತಂದೆ, ಆದರೆ ತೂತು ಕೊರೆದ ನಾಲ್ಕು ಅಕ್ರಿಲಿಕ್ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಗಳನ್ನು ನಾನೇ ಅಂಟಿಸಿದ್ದು, ನಾಲ್ಕಕ್ಕೂ ಸೇರಿ ಒಂದು ಡಾಟಿಬ್ಯಾಕಿನ ಬೆಲೆಗಿಂತ ಕಮ್ಮಿ. ಹತ್ತು ದಿನದ ಆಚೀಚೆ ಹಾಗೇ ಇಟ್ಟೆ. ಎರಡು ದಿನಕ್ಕೊಮ್ಮೆ ಪೆಟ್ಟಿಗೆಗಳ ಜಾಗ ಅದಲುಬದಲು, ಯಾರಿಗೂ ಯಾವ ಮೂಲೆಯೂ ಸ್ವಂತ ಆಗಬಾರದು. ಮೊದಲ ದಿನಗಳಲ್ಲಿ ಡಾಟಿಬ್ಯಾಕ್ ಅಕ್ರಿಲಿಕ್ಕಿಗೆ ಮೂತಿ ಕುಟ್ಟುತ್ತಿತ್ತು, ಆಮೇಲೆ ಆಮೇಲೆ ಪಕ್ಕದ ಮೀನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಸೋಮಾರಿತನ ಬರುವ ತನಕ ಬಾಗಿಲು ತೆಗೆಯಬಾರದು. ದಿನ ಎಣಿಸಿ ಪ್ರಯೋಜನವಿಲ್ಲ, ಮೀನನ್ನೇ ನೋಡಬೇಕು.

ಬಿಟ್ಟದ್ದು ದೀಪ ಆರಿದ ಮೇಲೆ, ಕ್ಲೌನ್ ಮೊದಲು, ಅರ್ಧ ಗಂಟೆಗೆ ಹಾಕ್‌ಫಿಶ್, ಆಮೇಲೆ ಸಿಕ್ಸ್ ಲೈನ್. ಡಾಟಿಬ್ಯಾಕನ್ನು ಮಾತ್ರ ಇನ್ನೂ ಎರಡು ರಾತ್ರಿ ಪೆಟ್ಟಿಗೆಯಲ್ಲೇ ಉಳಿಸಿಕೊಂಡೆ. ಬಾಗಿಲು ತೆಗೆಯುವ ಮುಂಚಿನ ಊಟದಲ್ಲಿ ಏನು, ಎಷ್ಟು, ಯಾವ ಹೊತ್ತಿಗೆ ಕೊಡುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದನ್ನು ಇನ್ನೊಂದು ಟ್ಯಾಂಕಿನಲ್ಲಿ ಪರೀಕ್ಷಿಸುತ್ತಿದ್ದೇನೆ.

ಮಧ್ಯೆ ಕನ್ನಡಿಯ ಪ್ರಯೋಗವೂ ಆಯಿತು. ಟ್ಯಾಂಕಿನ ಹೊರಗೆ ಗಾಜಿಗೆ ಕನ್ನಡಿ ಅಂಟಿಸಿದರೆ ಜಗಳಗಂಟ ಮೀನು ತನ್ನ ಬಿಂಬದ ಜೊತೆಗೇ ಕಾದಾಡಿಕೊಂಡು ಹೊಸದನ್ನು ಬಿಟ್ಟುಬಿಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಡಾಟಿಬ್ಯಾಕಿನ ಮಟ್ಟಿಗೆ ನಿಜ. ಆದರೆ ದಿನವಿಡೀ ಬಿಟ್ಟರೆ ಊಟ ಮರೆತು ಸೊರಗುತ್ತದೆ. ಅರ್ಧ ಗಂಟೆ ಇಡು, ತೆಗೆ, ಅಷ್ಟೇ. ಹಾಕ್‌ಫಿಶ್ ಕನ್ನಡಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಸಿಕ್ಲಿಡ್ ಅನ್ನುವ ಸಿಹಿನೀರಿನ ಮೀನು ಸಾಕುವವರು ಹೇಳಿಕೊಡುವ ಉಪಾಯವೊಂದಿದೆ: ಮೀನು ಕಿಕ್ಕಿರಿಸಿ ತುಂಬಿದರೆ ಜಗಳ ಹಂಚಿಹೋಗುತ್ತದೆ ಅಂತ. ಸಿಹಿನೀರಿನಲ್ಲಿ ಅದು ನಡೆಯಬಹುದು. ಇಲ್ಲಿ ಅಷ್ಟು ಮೀನು ತುಂಬಿದರೆ ನೈಟ್ರೇಟ್ ಏರಿ, ಹವಳ ಕಂದಿ, ಪಾಚಿಯೇ ಟ್ಯಾಂಕ್ ಆಳುತ್ತದೆ. ನಾಲ್ಕಕ್ಕಿಂತ ಮೇಲೆ ನಾನು ಹೋಗುವುದಿಲ್ಲ.

ಜಗಳ ಮರುಕಳಿಸದಂತೆ ತಡೆಯುವುದು ಊಟ. ದಿನಕ್ಕೆ ನಾಲ್ಕೈದು ಸಲ, ಪ್ರತಿಸಲವೂ ಚಿಟಿಕೆಯಷ್ಟು, ಟ್ಯಾಂಕಿನ ಎರಡೂ ತುದಿಯಲ್ಲಿ ಒಟ್ಟೊಟ್ಟಿಗೆ. ಒಂದೇ ಕಡೆ ಹಾಕಿದರೆ ಆ ಜಾಗವನ್ನು ಒಂದು ಮೀನು ಹಿಡಿದುಬಿಡುತ್ತದೆ. ಹಗಲು ಆಟೊಫೀಡರಿನಿಂದ ಪೆಲೆಟ್, ಸಂಜೆ ಕೈಯಿಂದ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ). ಇಷ್ಟು ಹಾಕಿದರೆ ನೀರು ಕೆಡದೇ ಇರದು, ಅದಕ್ಕೇ ಸ್ಕಿಮ್ಮರ್ ಇದರ ಎರಡರಷ್ಟು ದೊಡ್ಡ ಟ್ಯಾಂಕಿಗೆ ಆಗುವಂಥದ್ದು. ವಾರಕ್ಕೆ ಹದಿನೈದು ಲೀಟರಿನಷ್ಟು ನೀರು ಬದಲು. ಕೊಳೆಯ ಅಳತೆಯಾದ ನೈಟ್ರೇಟ್ 10ರಿಂದ 15 ಪಿಪಿಎಂ ನಡುವೆ, ಫಾಸ್ಫೇಟ್ 0.1 ಪಿಪಿಎಂ ಸುತ್ತಮುತ್ತ ನಿಂತಿದೆ, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025. ಹ್ಯಾಮರ್, ಜೋಆಂಥಿಡ್, ಮಾಂಟಿಪೋರ ಹವಳಗಳು ಇದರಲ್ಲಿ ಚೆನ್ನಾಗಿವೆ. ತೀರ ಶುದ್ಧ ನೀರು ಬೇಡುವ ಅಕ್ರೊಪೋರ ಹವಳ ಬೇಕು ಅನ್ನುವವರಿಗೆ ಈ ಮೀನುಗಳ ಪಟ್ಟಿ ಹೇಳಿಮಾಡಿಸಿದ್ದಲ್ಲ.

ಸೀಗಡಿಯ ಆಸೆಯನ್ನೂ ಬಿಡಬೇಕು. ಹಾಕ್‌ಫಿಶ್ ಇರುವಲ್ಲಿ ಸಣ್ಣ ಸೀಗಡಿ ಒಂದು ಹೊತ್ತಿನ ಊಟ. ರಾಯಲ್ ಗ್ರಾಮಾ ಅನ್ನುವ ಮೀನನ್ನು ಸೇರಿಸುವ ಯೋಚನೆಯೂ ಬೇಡ: ಅದೂ ಮುಂದೆ ನೇರಳೆ, ಹಿಂದೆ ಹಳದಿ. ಡಾಟಿಬ್ಯಾಕ್ ತನ್ನಂಥದ್ದೇ ಇನ್ನೊಂದು ಬಂತು ಅಂದುಕೊಂಡು ಉಸಿರಾಡಲೂ ಬಿಡುವುದಿಲ್ಲ. ಬಣ್ಣ, ಆಕಾರ, ಈಜುವ ಮಟ್ಟ, ಈ ಮೂರರಲ್ಲಿ ಎರಡು ಹೊಂದಿದರೂ ಆ ಜೋಡಿಯನ್ನು ನಾನು ಮುಟ್ಟುವುದಿಲ್ಲ.

ಖಾಲಿ ಪೆಟ್ಟಿಗೆಗಳನ್ನು ಎಸೆಯಬೇಡಿ. ಒಂದು ಮೀನು ಬಾಲ ಬಿಚ್ಚಿದರೆ ಅದೇ ಪೆಟ್ಟಿಗೆಯನ್ನು ಬಾಗಿಲು ತೆಗೆದು ಇಳಿಸಿ, ಕೆಲವು ದಿನ ಒಳಗೇ ಮೈಸಿಸ್ ಹಾಕಿ, ಬಾಗಿಲಿಗೆ ದಾರ ಕಟ್ಟಿ ದೂರ ಕೂತುಕೊಳ್ಳಿ, ಮೀನು ಒಳಹೊಕ್ಕಾಗ ದಾರದಿಂದ ಬಾಗಿಲು ಮುಚ್ಚಿ. ಡಾಟಿಬ್ಯಾಕನ್ನು ಬಲೆಯಲ್ಲಿ ಹಿಡಿಯಲು ಹೊರಟರೆ ಬಂಡೆ ಪೂರ್ತಿ ಬಿಚ್ಚಬೇಕಾಗುತ್ತದೆ, ಹೀಗಾದರೆ ಒಂದು ಕಲ್ಲೂ ಕದಲುವುದಿಲ್ಲ. ಹಿಡಿದದ್ದನ್ನು ಒಂದು ವಾರ ಪೆಟ್ಟಿಗೆಯಲ್ಲೇ ಇಟ್ಟರೆ ಉಳಿದವು ಅಷ್ಟರಲ್ಲಿ ಜಾಗ ಹಂಚಿಕೊಂಡಿರುತ್ತವೆ. ಮುಚ್ಚಳಕ್ಕೆ ಮಾತ್ರ ಕಾಲು ಇಂಚಿನ ಕಣ್ಣಿನ ನೆಟ್ ಹಾಕಿ, ವೈರ್ ಹೋಗುವ ಮೂಲೆಯನ್ನೂ ಬಿಡದೆ ಮುಚ್ಚಿ. ರಾಸ್ ಮತ್ತು ಡಾಟಿಬ್ಯಾಕ್ ಎರಡೂ ಅಟ್ಟಿಸಿಕೊಂಡಾಗ ಮೊದಲು ಹಾರುವುದು ಅಲ್ಲಿಂದಲೇ.