ಇನ್ನೊಬ್ಬರ ರೀತಿಯಲ್ಲಿ ದುಡಿದು ದಣಿದಾಗ

2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಸಿದ್ದಾಪುರದ ಹತ್ತಿರದ ನಮ್ಮ ಮನೆಗೆ ಬಂದೆ. ತೋಟದ ಮಧ್ಯೆ ಕೂತು ಕೋಡ್ ಬರೆಯುವುದು ಎಷ್ಟು ಆರಾಮ ಅಂತ ಎಲ್ಲರೂ ಅಂದರು. 2022ರ ಮಳೆಗಾಲದ ಹೊತ್ತಿಗೆ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಕೈಯೇ ಬರುತ್ತಿರಲಿಲ್ಲ.

ಸುಸ್ತು ನನಗೆ ಹೊಸದಲ್ಲ. ಹೊಸ ಸಾಫ್ಟ್‌ವೇರ್ ಬಿಡುಗಡೆಯಾಗುವ ರಿಲೀಸ್ ವಾರದ ಸುಸ್ತು ಭಾನುವಾರ ಚೆನ್ನಾಗಿ ನಿದ್ದೆ ಮಾಡಿದರೆ ಹೋಗುತ್ತಿತ್ತು. ಇದು ಹೋಗಲಿಲ್ಲ. ಡಾಕ್ಟರಿಗೆ ತೋರಿಸಿದೆ. ರಕ್ತ, ಥೈರಾಯ್ಡ್ ಎಲ್ಲ ಸರಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ, ಅಂದರೆ ಕೆಲಸದ ಒತ್ತಡ ಮುಗಿಯದೆ ಬರುವ ದಣಿವಿಗೆ, ಮೂರು ಗುರುತು ಹೇಳಿದೆ: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನನಗೆ ಹೆದರಿಕೆ ಆಗಿದ್ದು ಎರಡನೆಯದಕ್ಕೆ. ಇನ್ನೊಬ್ಬರ ಕೋಡನ್ನು ಸರಿಯಾಗಿ ಓದದೆ ಒಪ್ಪಿಗೆ ಕೊಡಲು ಶುರು ಮಾಡಿದ್ದೆ.

ಒಂದು ನೋಟ್‌ಬುಕ್ ಇಟ್ಟೆ. ಯಾವ ಗಂಟೆಯಲ್ಲಿ ಏನು ಮಾಡಿದೆ, ಎಷ್ಟು ದಣಿವಾಯಿತು, ಐದಕ್ಕೆ ಎಷ್ಟು. ಮೂರು ವಾರ ಬರೆದೆ. ಜಾಸ್ತಿ ಕೋಡ್ ಬರೆದ ದಿನ ಎರಡೋ ಮೂರೋ ಇರುತ್ತಿತ್ತು. ಕೋಡೇ ಬರೆಯದೆ ಚಾಟ್, ಮೀಟಿಂಗ್, ಸಣ್ಣ ಬಗ್ (ಕೋಡಿನ ತಪ್ಪು) ಅಂತ ಓಡಾಡಿದ ದಿನಗಳಲ್ಲಿ ಐದು! ಮಾಡಿದ ಗಂಟೆ ಮಾತ್ರ ಹೆಚ್ಚುಕಮ್ಮಿ ಅಷ್ಟೇ.

ನಾನು ಕೆಲಸದೊಳಗೆ ನಿಧಾನವಾಗಿ ಇಳಿಯುವವನು. ಒಂದು ಸಮಸ್ಯೆ ಪೂರ್ತಿ ತಲೆಗೆ ಬರಲು ಮುಕ್ಕಾಲು ಗಂಟೆ ಬೇಕು. ಮಧ್ಯೆ ಒಂದು ಮೆಸೇಜ್ ಬಂದರೆ ಮತ್ತೆ ಮೊದಲಿನಿಂದ. ನಮ್ಮ ಟೀಮಿನ ಒಬ್ಬ ಗೆಳೆಯ ಇದಕ್ಕೆ ಪೂರ್ತಿ ಬೇರೆ. ಐದು ಕೆಲಸ ಒಟ್ಟಿಗೆ ತೆರೆದಿಟ್ಟು, ಮಾತಾಡುತ್ತಲೇ ಮುಗಿಸುತ್ತಾನೆ. ಒಂದೇ ಕೆಲಸ ಕೊಟ್ಟು ಒಬ್ಬನೇ ಕೂರಿಸಿದರೆ ಅವನಿಗೆ ಸುಸ್ತು. ಅವನು ಚುರುಕು ಅಂತ ಎಲ್ಲರೂ ಮೆಚ್ಚುತ್ತಿದ್ದರು. ಎರಡು ವರ್ಷ ನಾನು ಅವನಂತಾಗಲು ಹೊರಟಿದ್ದೆ.

ಆ ಮಳೆಗಾಲ ಕಳೆದು ಬಂದ ಜನವರಿಯಲ್ಲಿ ತೋಟದ ರೋಬಸ್ಟಾ ಕಾಫಿ ಕುಯ್ಲು ನೋಡುತ್ತಾ ನಿಂತಾಗ, ಒಬ್ಬೊಬ್ಬರ ರೀತಿ ಬೇರೆ ಅನ್ನುವುದು ಇನ್ನೂ ಸ್ಪಷ್ಟವಾಯಿತು. ಒಬ್ಬಾಕೆ ಒಂದು ಗಿಡ ಪೂರ್ತಿ ಬರಿದು ಮಾಡಿಯೇ ಮುಂದಿನದಕ್ಕೆ ಹೋಗುತ್ತಿದ್ದಳು. ಇನ್ನೊಬ್ಬಾಕೆ ಕೈಗೆ ಸಿಕ್ಕ ಕೊಂಬೆ ಮುಗಿಸಿ, ಸುತ್ತಿ ಬಂದು ಉಳಿದದ್ದು ಕುಯ್ಯುತ್ತಿದ್ದಳು. ಕಿಲೋ ಲೆಕ್ಕದ ಕೂಲಿ. ಸಂಜೆ ತೂಕ ಹಾಕಿದಾಗ ಹೆಚ್ಚು ವ್ಯತ್ಯಾಸ ಇರಲಿಲ್ಲ. ‘ನೀನು ಹಾಗೆ ಕುಯ್ಯಿ’ ಅಂತ ಅಮ್ಮ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಮ್ಯಾನೇಜರ್‌ಗೆ ನೋಟ್‌ಬುಕ್ಕಿನ ಲೆಕ್ಕವನ್ನೇ ತೋರಿಸಿದೆ. ಸುಮ್ನೆ ‘ಸುಸ್ತಾಗುತ್ತೆ’ ಅಂದಿದ್ದರೆ ರಜೆ ತಗೋ ಅನ್ನುತ್ತಿದ್ದರು, ಅಲ್ವಾ? ಬೆಳಿಗ್ಗೆ ಆರೂವರೆಯಿಂದ ಹತ್ತೂವರೆವರೆಗೆ ಚಾಟ್ ಮುಚ್ಚಿರುತ್ತದೆ, ತುರ್ತಿದ್ದರೆ ಫೋನ್ ಮಾಡಿ ಅಂತ ಒಪ್ಪಂದವಾಯಿತು. ಫೋನ್ ಬಂದದ್ದು ತೀರಾ ಕಡಿಮೆ. ಸಂಜೆ ನಿಲ್ಲಿಸುವಾಗ ಕೋಡ್ ಸರಿ ಇದೆಯಾ ಅಂತ ನೋಡುವ ಒಂದು ಟೆಸ್ಟ್ ಫೇಲ್ ಆಗುವ ಹಾಗೇ ಬಿಟ್ಟು ಏಳುತ್ತೇನೆ. ಮರುದಿನ ಎಲ್ಲಿಂದ ಶುರು ಅಂತ ಹುಡುಕಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ಹೋಗುವುದರಿಂದ ಬೇಕಾದದ್ದನ್ನೆಲ್ಲ ಮೊದಲೇ ಇಳಿಸಿಟ್ಟುಕೊಳ್ಳುತ್ತೇನೆ. ನೆಟ್ ಇಲ್ಲದ ಆ ಹೊತ್ತಿನಲ್ಲಿ ನನ್ನ ಒಳ್ಳೆಯ ಕೆಲಸ ಎಷ್ಟೋ ಆಗಿದೆ.

ಸರಿಹೋಗಲು ಐದಾರು ತಿಂಗಳು ಹಿಡಿಯಿತು. ತುರ್ತು ತೊಂದರೆ ಬಂದರೆ ಯಾವಾಗ ಬೇಕಾದರೂ ನೋಡಬೇಕಾದ ಆನ್‌ಕಾಲ್ ವಾರ ಈಗಲೂ ಕಷ್ಟವೇ. ಆ ವಾರ ಹೊಸ ಕೋಡ್ ಬರೆಯುವುದಿಲ್ಲ, ಮುಗಿದ ಮಾರನೇ ದಿನ ಬೆಳಿಗ್ಗೆ ಯಾರಿಗೂ ಸಿಗುವುದಿಲ್ಲ. ಟೀಮಿಗೆ ಹೊಸದಾಗಿ ಬಂದವರಿಗೆ ಮೊದಲ ವಾರವೇ ಒಂದು ಖಾಲಿ ನೋಟ್‌ಬುಕ್ ಕೊಡುತ್ತೇನೆ.